ಯಾರ ಅರಿವಿ ಎಂದು ಕೇಳದ ಅಂಗಡಿ

ರಾಯಚೂರಿನ ಆ ದೊಡ್ಡ ಬಟ್ಟೆ ಅಂಗಡಿಯ ಗಾಜಿನ ಬಾಗಿಲು ದೂಡಿ ಒಳಗೆ ಕಾಲಿಟ್ಟ ದಿನ ನನಗೆ ಹೆದರಿಕೆಯಾಯಿತು. ಅದು ಹೊಟ್ಟೆಕಿಚ್ಚು ಎಂದರು ನನ್ನ ಯಜಮಾನರು. ಅಲ್ಲವೇ ಅಲ್ಲ. ಹೊಟ್ಟೆಕಿಚ್ಚು ನನಗೆ ಚೆನ್ನಾಗಿ ಗೊತ್ತು. ಅದಾದರೆ ಬಾಯಿಗೆ ಬರುತ್ತದೆ, ನಾಲ್ಕು ಮಾತು ಆಡಿದರೆ ಇಳಿದು ಹೋಗುತ್ತದೆ. ಇದು ಇಳಿಯಲಿಲ್ಲ, ಹೊಟ್ಟೆಯೊಳಗೇ ಕೂತಿತು.

ಮಾನ್ವಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ರೆಡಿಮೇಡ್ ಅಂಗಡಿ. ಹೆಣ್ಣುಮಕ್ಕಳ ಮತ್ತು ಸಣ್ಣ ಮಕ್ಕಳ ಬಟ್ಟೆ. ಮಾಲು ತರಲು ರಾಯಚೂರಿಗೆ ಹೋದವಳು ಬಿಸಿಲು ತಾಳದೆ, ಹೊಸದಾಗಿ ತೆರೆದಿದ್ದ ಆ ಎರಡಂತಸ್ತಿನ ಅಂಗಡಿಗೆ ನುಗ್ಗಿದ್ದೆ. ಒಳಗೆ ಮೈ ಜುಮ್ಮೆನ್ನುವಷ್ಟು ತಂಪು. ಸಾಲುಸಾಲು ಕುರ್ತಿ, ಟಾಪು, ಫ್ರಾಕು. ಒಂದನ್ನು ಹಿಡಿದು ಬೆಲೆಯ ಚೀಟಿ ನೋಡಿದೆ. ನಾನು ಸಗಟು ಅಂಗಡಿಯಲ್ಲಿ ಕೊಡುವುದಕ್ಕಿಂತ ಕಡಿಮೆ! ಹೋದ ವಾರ ಮದುವೆಯೊಂದಕ್ಕೆ ಬಂದಾಗ ಬಸ್ಸಿನಿಂದ ಕಂಡದ್ದು ನೆನಪಾಗಿ, ಬಟ್ಟೆ ಮಡಚುತ್ತಿದ್ದ ಹುಡುಗಿಯನ್ನು ಕೇಳಿದೆ, "ಹೋದ ವಾರ ಬಾಗಲದಾಗ ಒಂದು ಹಳದಿ ಕುರ್ತಿ ತೂಗು ಹಾಕಿದ್ರಲ್ಲವಾ, ಅದು ಎಲ್ಲದ?"

"ಹೋದ ವಾರದ್ದು ಈ ವಾರ ಇರಂಗಿಲ್ರಿ ಮೇಡಂ. ಪ್ರತಿ ವಾರ ಹೊಸಾದು ಬರ್ತದ."

"ಹಂಗಾರ ಹಳೇದು ಏನಾಗ್ತದ?"

"ಅದು ನಮಗ ಗೊತ್ತಿಲ್ರಿ."

ವಾರಕ್ಕೊಮ್ಮೆ ಹೊಸದು! ನಾನು ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ, ಮದುವೆ ದಿನಗಳಲ್ಲೊಮ್ಮೆ ಮಾಲು ಬದಲಿಸುವವಳು. ಸುಮ್ಮನೆ ಹೊರಗೆ ಬರುವಾಗ ಬಿಲ್ಲಿನ ಸಾಲಿನಲ್ಲಿ ನಮ್ಮ ಓಣಿಯ ಕಾಲೇಜು ಹುಡುಗಿಯೊಬ್ಬಳು ಕಂಡಳು. ಲಂಗ ಹಾಕುವ ವಯಸ್ಸಿನಿಂದ ನನ್ನ ಅಂಗಡಿಯಲ್ಲೇ ಬಟ್ಟೆ ಕೊಂಡವಳು. ನನ್ನನ್ನು ನೋಡಿದ್ದೇ ತಡ, ಓಡಣಿಯಲ್ಲಿ ಮುಖ ಮುಚ್ಚಿಕೊಂಡು ಕಂಬದ ಹಿಂದೆ ಸರಿದಳು. ಕಳ್ಳಿ! ನಗು ಬರಬೇಕಿತ್ತು, ಬರಲಿಲ್ಲ. ಮಾನ್ವಿ ಮುಟ್ಟುವವರೆಗೂ ಬಸ್ಸಿನಲ್ಲಿ ಒಂದೇ ಯೋಚನೆ. ಈ ಅಂಗಡಿ ಹೋದರೆ ನಾನು ಯಾರು? ಓಣಿಯಲ್ಲಿ ನನ್ನನ್ನು ಎಲ್ಲರೂ ಕರೆಯುವುದೇ ಅಂಗಡಿ ಅಕ್ಕ ಎಂದು.

ಯಜಮಾನರು ಅಕ್ಕಿ ಗಿರಣಿಯಲ್ಲಿ ಮೇಲ್ವಿಚಾರಕರು, ಶಾಂತ ಮನುಷ್ಯ. "ಮುಚ್ಚಿ ಬಿಡು, ಆರಾಮ ಮನ್ಯಾಗ ಕೂಡು," ಎಂದರು. ಆ ರಾತ್ರಿ ಅವರ ತಟ್ಟೆಗೆ ರೊಟ್ಟಿ ಸ್ವಲ್ಪ ಜೋರಾಗಿಯೇ ಬಿದ್ದಿತು.

ಹೆದರಿದವರು ಮಾಡುವ ಮೊದಲ ಕೆಲಸ ಹೆದರಿಸಿದವರನ್ನು ನಕಲು ಮಾಡುವುದು. ನಾನೂ ವಾರವಾರ ಅಗ್ಗದ ಪಾಲಿಸ್ಟರ್ ಮಾಲು ತಂದೆ. ನಮ್ಮದು ಹತ್ತಿ ಬೆಳೆಯುವ ಸೀಮೆ. ಇಲ್ಲಿಂದ ಲಾರಿ ತುಂಬಿ ಹತ್ತಿ ಹೋಗುತ್ತದೆ, ಅಲ್ಲಿಂದ ಲಾರಿ ತುಂಬಿ ಪಾಲಿಸ್ಟರ್ ಬರುತ್ತದೆ. ರಾಯಚೂರು ಜಿಲ್ಲೆಯ ಬಿಸಿಲಿಗೆ ಅದನ್ನು ತೊಟ್ಟ ಮಕ್ಕಳಿಗೆ ಬೆನ್ನ ತುಂಬ ಬೆವರುಸಾಲೆ. ಎರಡು ಸಲ ಒಗೆದರೆ ಹೊಲಿಗೆ ಬಾಯಿ ಬಿಡುತ್ತಿತ್ತು. ಹಿಂದಿರುಗಿ ಬಂದದ್ದು, ಮಾರದೆ ಉಳಿದದ್ದು ಎಲ್ಲಾ ಸೇರಿ ಹಿಂದಿನ ಕೋಣೆಯಲ್ಲಿ ಗುಡ್ಡೆಯಾಯಿತು. ಅದರಲ್ಲಿ ಇಲಿ ಮರಿ ಹಾಕಿದ್ದು ಕಂಡ ದಿನ ನನ್ನ ತಲೆ ಕೆಟ್ಟು, ಎಲ್ಲವನ್ನೂ ಹಿತ್ತಲಿಗೆ ಎಳೆಸಿ ಬೆಂಕಿ ಹಚ್ಚಿದೆ.

ಅಬ್ಬಬ್ಬಾ, ಆ ಹೊಗೆ! ಕಪ್ಪಗೆ, ದಪ್ಪಗೆ, ಗಂಟಲಿಗೆ ಹಿಡಿಯುವಂಥದ್ದು. ಎರಡನೆಯ ತರಗತಿಯ ನನ್ನ ಮಗಳು ಕೆಮ್ಮುತ್ತ ಒಳಗೋಡಿದಳು. ಅಕ್ಕಪಕ್ಕದವರು ಕಿಟಕಿ ಬಡಿದುಕೊಂಡು ಬೈದರು. ಬಟ್ಟೆ ಸುಟ್ಟು ಬೂದಿಯಾಗುವ ಬದಲು ಕರಗಿ, ಹನಿಹನಿಯಾಗಿ ಇಳಿದು, ನೆಲಕ್ಕೆ ಡಾಂಬರಿನಂತೆ ಅಂಟಿ ಕೂತಿತು. ನನ್ನ ಹತ್ತಿರ ಹೊಲಿಗೆ ಕೆಲಸಕ್ಕೆ ಬಾಗಲವಾಡದಿಂದ ಒಬ್ಬಳು ಬರುತ್ತಾಳೆ, ಕುರಿ ಸಾಕುವ ಮನೆಯವಳು, ನನಗಿಂತ ಚಿಕ್ಕವಳು, ಬಾಯಿ ಮಾತ್ರ ನನಗಿಂತ ದೊಡ್ಡದು. ಕೋಲಿನಿಂದ ಅದನ್ನು ಕೆದಕಿ ಅಂದಳು, "ಅಕ್ಕಾ, ಹತ್ತಿ ಅರಿವಿ ಸುಟ್ರ ಬೂದಿ ಆಗ್ತದ. ಇದು ನೋಡು, ಸತ್ತರೂ ಸಾಯವಲ್ದು."

ಆ ಮಾತಿಗೆ ಅವಳೇ ನಕ್ಕಳು. ನನಗೆ ಮತ್ತೆ ಅದೇ ಹೆದರಿಕೆ. ನನ್ನ ಒಂದು ಸಣ್ಣ ಅಂಗಡಿಯದೇ ಇಷ್ಟಾದರೆ ಆ ಎರಡಂತಸ್ತಿನವರದು ಎಷ್ಟಿರಬೇಕು, ಎಲ್ಲಿಗೆ ಹೋಗುತ್ತಿರಬೇಕು? ಯಾವ ಊರ ಹಿತ್ತಲಲ್ಲಿ ಸುಡುತ್ತಾರೋ ಶಿವನೇ ಬಲ್ಲ.

ಆಮೇಲೆ ದಾರಿ ಬದಲಿಸಿದೆವು. ಪಾಲಿಸ್ಟರ್ ನಿಲ್ಲಿಸಿದೆ. ನಮ್ಮಲ್ಲಿ ಕೊಂಡ ಬಟ್ಟೆ ಹರಿದರೆ ಪುಕ್ಕಟೆ ಹೊಲಿದು ಕೊಡುತ್ತೇವೆ ಎಂದು ಬಾಗಿಲಿಗೆ ಬರೆಸಿದೆ. ಮನೆಯಲ್ಲಿ ಪೆಟ್ಟಿಗೆ ಸೇರಿದ ಹತ್ತಿ ಸೀರೆ, ಪಂಜೆ ತಂದು ಕೊಟ್ಟರೆ ಹೊಸದರಲ್ಲಿ ರಿಯಾಯಿತಿ. ಆ ಹಳೆಯ ಸೀರೆಗಳನ್ನು ಸೋಡಾ ಹಾಕಿ ಹಂಡೆಯಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ, ಮಕ್ಕಳ ಫ್ರಾಕು, ಹುಡುಗಿಯರ ಕುರ್ತಿ ಹೊಲಿದೆವು. ಚೂರುಪಾರು ಉಳಿದದ್ದು ಹೊದೆಯುವ ಕೌದಿಗೆ. ಕಾಲೇಜು ಹುಡುಗಿಯರು ರಾಯಚೂರಿನ ಅಂಗಡಿಯದೇ ಡಿಸೈನನ್ನು ಮೊಬೈಲಿನಲ್ಲಿ ತೋರಿಸಿ "ಇಂಥಾದ್ದು ಬೇಕಕ್ಕಾ" ಅನ್ನುತ್ತಿದ್ದರು. ಬಾಗಲವಾಡದವಳು ಕಣ್ಣಲ್ಲೇ ಅಳತೆ ತೆಗೆದು ವಾರದೊಳಗೆ ಅವರ ಮೈಗೆ ಒಪ್ಪುವ ಹಾಗೆ ಹೊಲಿಯುತ್ತಿದ್ದಳು. ಬೆಲೆ ಅಲ್ಲಿಗಿಂತ ಕಡಿಮೆ, ಬಸ್ಸಿನ ಖರ್ಚಿಲ್ಲ, ಬೆವರು ಹೀರುವ ಬಟ್ಟೆ. ಕಂಬದ ಹಿಂದೆ ಅಡಗಿದ ಹುಡುಗಿ ಕೂಡ ಗೆಳತಿಯರನ್ನು ಕಟ್ಟಿಕೊಂಡು ಬಂದಳು.

ಇದರಲ್ಲಿ ಒಂದು ನಾಜೂಕಿನ ವಿಷಯವಿತ್ತು. ನಮ್ಮ ಕಡೆ ಹಳೆಯ ಬಟ್ಟೆ ಕೊಡುವುದು ಹಿತ್ತಲ ಬಾಗಿಲಿನ ವ್ಯವಹಾರ. ಪಾತ್ರೆಯವಳು ಬಂದರೆ ಸೀರೆ ಕೊಟ್ಟು ಸ್ಟೀಲ್ ಡಬ್ಬಿ ತಗೊಳ್ಳುವುದು ಎಲ್ಲರ ಮನೆಯಲ್ಲೂ ಇದೆ, ಆದರೆ ಬಾಗಿಲು ಅರ್ಧ ಮುಚ್ಚಿಕೊಂಡು. ಬಜಾರದಲ್ಲಿ ಎಲ್ಲರೆದುರು ಗಂಟು ಬಿಚ್ಚಲು ಯಾವ ಹೆಣ್ಣುಮಗಳೂ ಒಪ್ಪುವುದಿಲ್ಲ. ಆದ್ದರಿಂದ ನಾನೊಂದು ನಿಯಮ ಮಾಡಿದೆ. ಗಂಟು ಹಿಂದಿನ ಬಾಗಿಲಿನಿಂದ ಬರಬೇಕು. ಯಾರ ಅರಿವಿ ಎಂದು ಕೇಳಬಾರದು. ಅವರ ಮರ್ಯಾದೆ ಕಾಯುತ್ತಿದ್ದೇನೆ ಎಂದು ನನಗೆ ಹೆಮ್ಮೆ. ಈಗ ಕೇಳುತ್ತೇನೆ, ಅದು ಬೇರೆ ಮಾತು.

ಹಾಗೆ ಹಿಂದಿನ ಬಾಗಿಲಿಗೆ ಬಂದವರಲ್ಲಿ ಒಬ್ಬ ಹೆಂಗಸು. ಐವತ್ತರ ಆಸುಪಾಸು, ಈ ಊರಿನವಳಲ್ಲ. ಗಂಟಿನಲ್ಲಿ ಒಳ್ಳೆಯ ಹತ್ತಿ ಸೀರೆಗಳು, ಗೆರೆ ಮುರಿಯದಂತೆ ಮಡಚಿದವು. ಕೂಡ್ರಿ ಎಂದರೆ ಕೂಡಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ. ಬದಲಿಗೆ ಏನು ಬೇಕು ಎಂದಾಗ, "ನನಗೇನೂ ಬ್ಯಾಡ್ರಿ. ಸಣ್ಣ ಕೂಸುಗಳಿಗೆ ಹೊಲೀರಿ, ಸಾಕು," ಎಂದು ಹೊರಟೇ ಹೋದಳು. ಬಾಗಲವಾಡದವಳು ಹುಬ್ಬೇರಿಸಿ ನನ್ನನ್ನು ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ನಿಯಮ ಅಂದರೆ ನಿಯಮ.

ಅದರಲ್ಲಿ ಒಂದು ಗಿಳಿಹಸಿರು ಸೀರೆ, ಸಾಸಿವೆ ಬಣ್ಣದ ಅಂಚು. ಕುದಿಸಿದರೂ ಬಣ್ಣ ಹನಿ ಬಿಡಲಿಲ್ಲ. ಅದರಲ್ಲಿ ಎರಡು ಫ್ರಾಕ್ ಆದವು. ಒಂದನ್ನು ಓಣಿಯ ತುದಿ ಮನೆಯ ಅಜ್ಜಿ ತನ್ನ ಮೊಮ್ಮಗಳಿಗೆ ಕೊಂಡರು. ದಿನಾ ನಮ್ಮ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕುವ, ನನ್ನ ಅಂಗಡಿಗೆ ದುಡ್ಡಿಲ್ಲದೆ ಪ್ರಚಾರ ಮಾಡುವ ಅಜ್ಜಿ. ಇನ್ನೊಂದು ನನ್ನ ಮಗಳಿಗೆ.

ಕೆಲವು ದಿನ ಕಳೆದ ಮೇಲೆ ಅದೇ ಅಜ್ಜಿ ಅಂಗಡಿಗೆ ನುಗ್ಗಿ, ಫ್ರಾಕನ್ನು ನನ್ನ ಮುಂದೆ ಒಗೆದರು. ಗಿರಾಕಿಗಳು ಇದ್ದರು, ಎಲ್ಲರೂ ತಿರುಗಿ ನೋಡಿದರು.

"ಇದು ಯಾರ ಅರಿವಿ ಬೇ? ಖರೇ ಹೇಳು."

"ಯಾಕ ಯವ್ವಾ, ಏನಾತು?"

"ಏನಾತು ಅಂತ ನನ್ನ ಕೇಳ್ತಿ! ದೇವದುರ್ಗಕ್ಕ ತೊಟ್ಲ ಕಾರ್ಯಕ್ಕ ಹೋಗಿದ್ವಿ. ಅಲ್ಲಿ ಬೀಗರಾಕಿ ನನ್ನ ಮೊಮ್ಮಗಳ ಮೈಮ್ಯಾಲ ಇದನ್ನ ನೋಡಿ ಕಿಟಾರನ ಕಿರಚಿದಳು. ಹೊಳ್ಯಾಗ ಹೋದ ಹುಡುಗಿ ಸೀರಿ ಅಂತ ಇದು! ನೀರಿಗಿ ಬಿಡೋ ಅರಿವಿ ತಂದು ನನ್ನ ಕೂಸಿಗೆ ತೊಡಿಸಿದೆಲ್ಲ, ನಿನ್ನ ಕೈ ಹೆಂಗ ಬಂತು? ಬಂದಾಗಿಂದ ಕೂಸಿನ ಮೈ ಕಾದ ಹಂಚಾಗ್ಯದ."

ಯಾರಿಗೂ ಒಂದು ಮಾತು ಬಾಕಿ ಇಡದ ನಾನು, ಫ್ರಾಕನ್ನು ಮಡಚಿ ಗಲ್ಲಾಪೆಟ್ಟಿಗೆಯ ಹಿಂದೆ ಸರಿಸಿದೆ. ಸತ್ತವರು ಉಟ್ಟ ಬಟ್ಟೆಯನ್ನು ಕೃಷ್ಣೆಗೆ ಬಿಡುವುದು ಆ ಕಡೆಯ ರೂಢಿ. ದೇವದುರ್ಗ ನನ್ನ ತವರು, ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ಅಜ್ಜಿಯ ಸೀರೆಯನ್ನು ನನ್ನ ಕಣ್ಣೆದುರಿಗೇ ನೀರಿಗೆ ಬಿಟ್ಟಿದ್ದರು.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲ ಚಿಲಕಕ್ಕೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿತ್ತು. ಒಳಗೆ ನಾವು ಹೊಲಿದ ಕುರ್ತಿ. ಮಾತಿಲ್ಲ, ಕತೆಯಿಲ್ಲ. ಆಮೇಲೆ ದಿನವೂ ಹಾಗೆ ಒಂದೊಂದು ಚೀಲ. ಚಿಲಕ ಮುಟ್ಟಲು ನನಗೆ ಕೈ ಬಾರದಂತಾಯಿತು. ಸಗಟು ಅಂಗಡಿಯಿಂದ ತಂದ ಹೊಸ ಬಟ್ಟೆಯನ್ನೂ ಮೂಸಿ ನೋಡಿ ಇಟ್ಟು ಹೋದರು. "ಇದು ಹೊಸಾದು ಯವ್ವಾ!" ಎಂದು ನಾನು ಚೀರಿದರೆ, "ಇರಬೋದು ಬಿಡ್ರಿ," ಎಂದು ಮೆಟ್ಟಿಲಿಳಿದರು. ಕಾಲೇಜು ಹುಡುಗಿಯರು ಮತ್ತೆ ರಾಯಚೂರಿನ ಬಸ್ಸು ಹತ್ತಿದರು. ಬಾಗಲವಾಡದವಳ ಮನೆಯಲ್ಲಿ ಅವಳ ಅತ್ತೆ, ಸತ್ತವರ ಸೀರೆ ಕತ್ತರಿಸಿದ ಕೈಯಿಂದ ರೊಟ್ಟಿ ತಟ್ಟಬೇಡ ಎಂದರಂತೆ. ಅವಳು ಅದನ್ನು ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ಕೆಂಪಾಗಿದ್ದವು.

ಇಷ್ಟು ದಿನ ಗಾಜಿನ ಬಾಗಿಲಿನ ಅಂಗಡಿಗೆ ಅಂಜಿದ್ದೆ. ಅವರು ನನ್ನನ್ನು ಮುಳುಗಿಸುವ ಮೊದಲು ಒಂದು ಹಸಿರು ಸೀರೆ ಮುಳುಗಿಸಿತು. ಇನ್ನು ತಿಂಗಳೊಪ್ಪತ್ತು ಹೀಗೇ ನಡೆದರೆ ಬೀಗ ಹಾಕುವುದೇ ಸರಿ.

ಆದರೆ ಖರೇ ಹೆದರಿಕೆ ಬಂದದ್ದು ಮನೆಯಲ್ಲಿ. ಒಂದು ಸಂಜೆ ಶಾಲೆಯಿಂದ ಬಂದ ಮಗಳು ತಾನೇ ಆ ಫ್ರಾಕ್ ಹಾಕಿಕೊಂಡು ಅಂಗಳದಲ್ಲಿ ಗಿರಗಿರ ತಿರುಗುತ್ತಿದ್ದಳು. ಓಡಿಹೋಗಿ ರೆಟ್ಟೆ ಹಿಡಿದು ನಿಲ್ಲಿಸಿ ಬಿಚ್ಚಿದೆ.

"ಯಾಕ ಯವ್ವಾ?"

"ಅದು ಮೈ ಕಡೀತದ."

"ಇಲ್ಲ ಯವ್ವಾ, ಮೆತ್ತಗದ!" ಎಂದು ಅಳತೊಡಗಿದಳು.

ಫ್ರಾಕನ್ನು ಅಟ್ಟದ ಮೇಲೆ ಒಗೆದೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇ ಬೈದು ಮುಂದೆ ಹೋಗುವವಳು. ಓಣಿಯ ಅರ್ಧ ಮಕ್ಕಳಿಗೆ ಆ ದಿನಗಳಲ್ಲಿ ಜ್ವರವಿತ್ತು, ದವಾಖಾನಿಯಲ್ಲಿ ಸಾಲು ಹಚ್ಚಿದ್ದರು, ಅದೂ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ನನ್ನ ಕೂಸಿನ ಮೈಯಿಂದ ನಾನೇ ಬಿಚ್ಚಿದ್ದನ್ನು ಇನ್ನೊಬ್ಬರ ಕೂಸಿಗೆ ಯಾವ ಬಾಯಿಂದ ತೊಡಿಸು ಅನ್ನಲಿ?

ಬಾಗಲವಾಡದವಳೇ ಅಂದಳು, "ಆ ಸೀರಿ ಕೊಟ್ಟಾಕಿನ್ನ ಹೋಗಿ ಕೇಳು ಅಕ್ಕಾ. ಇಲ್ಲಿ ಕೂತು ಅಂಜಿದ್ರ ಏನು ಬಂತು?"

ದೇವದುರ್ಗದ ಬಸ್ಸು ಹತ್ತಿದೆ. ಅಜ್ಜಿ ಬಿಸಾಕಿ ಹೋದ ಫ್ರಾಕ್ ಚೀಲದಲ್ಲಿತ್ತು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಧೈರ್ಯ ಸಾಲದೆ ಕಾಲ ಬಳಿ ಇಟ್ಟೆ, ಅಲ್ಲಿಂದ ಸೀಟಿನ ಕೆಳಗೆ ದೂಡಿದೆ. ತವರಿನಲ್ಲಿ ವಿಚಾರಿಸಿದಾಗ ಮನೆ ಸಿಗುವುದು ಕಷ್ಟವಾಗಲಿಲ್ಲ, ತೊಟ್ಟಿಲ ಕಾರ್ಯದ ಸುದ್ದಿ ಊರೆಲ್ಲ ಹಬ್ಬಿತ್ತು. ಆ ಹೆಂಗಸು ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಿದಳು.

ನನಗೆ ಹೆದರಿಕೆಯಾದರೆ ಮೊದಲು ಬಾಯಿ ಜೋರಾಗುತ್ತದೆ. ನಿಂತಲ್ಲಿಂದಲೇ ಕೂಗಿದೆ. "ಹಿಂಗ್ಯಾಕ ಮಾಡಿದ್ರಿ? ಒಂದು ಮಾತು ಹೇಳಬಾರದಾಗಿತ್ತೇನು? ನನ್ನ ದುಕಾನ ಮುಚ್ಚೋ ಹಂಗಾಗ್ಯದ. ಊರ ಮಂದಿ ನನ್ನ ಮಾರಿ ನೋಡವಲ್ರು!"

ಅವಳು ಒಳಗಿನಿಂದ ಚಾಪೆ ತಂದು ಹಾಸಿದಳು. ನಾನು ಕೂತ ಮೇಲೆ, ಜೋಳದ ಮೊರ ನೋಡುತ್ತಲೇ ಹೇಳಿದಳು.

"ಹೇಳಿದ್ರ ನೀವು ತಗೋತಿದ್ರೇನ್ರಿ? ನನ್ನ ಮಗಳ್ರೀ ಅಕಿ. ಹೊಳಿ ದಂಡಿ ಊರಿಗಿ ಕೊಟ್ಟಿದ್ವಿ. ಅರಿವಿ ಒಗಿಯಾಕ ಹೋದಾಕಿ ಕಾಲು ಜಾರಿದಳು. ಅಕಿ ಪೆಟಿಗಿ ತಂದು ಇಲ್ಲಿಟ್ಟು, ಸೀರಿ ಎಲ್ಲಾ ಹೊಳಿಗಿ ಬಿಡವ್ವಾ ಅಂದ್ರು ಬೀಗರು. ಹೋದೆ. ಎರಡು ಸಲ ದಂಡಿತನಕ ಹೋಗಿ ಬಂದೆ. ಅದಾ ಹೊಳಿ ಅಲ್ರೀ ಅದು? ಮಗಳನ್ನ ತಗೊಂಡದ. ಸೀರಿನೂ ಯಾಕ ಕೊಡ್ಲಿ ಅದಕ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. ಆಮೇಲೆ ಅವಳು ತಲೆಯೆತ್ತಿ, ಕೇಳಲೋ ಬೇಡವೋ ಎನ್ನುವಂತೆ, "ಆ ಕೂಸಿಗೆ ಜ್ವರ ಅಂತಲ್ರಿ? ಹೆಂಗದ ಈಗ?" ಎಂದಳು. ಔಷಧ ನಡೆದಿದೆ ಎಂದೆ. "ನನ್ನ ಮಗಳು ಯಾರಿಗೂ ಕೆಟ್ಟದ್ದು ಬಗದಾಕಿ ಅಲ್ರಿ," ಎಂದಾಗ ದನಿ ಒಡೆಯಿತು. ಆಗ ತಿಳಿಯಿತು, ಅವಳೂ ಅಂಜಿದ್ದಾಳೆ. ನನಗೆ ಅಂಗಡಿಯ ಭಯ, ಮಗಳ ಭಯ. ಅವಳಿಗೆ, ಸತ್ತ ಮಗಳಿಗೆ ಈಗ ಕೆಟ್ಟ ಹೆಸರು ಬಂತೇ ಎನ್ನುವ ಭಯ.

"ನಾನ ಬರ್ತೀನಿ ಮಾನ್ವಿಗಿ," ಎಂದಳು. "ಮಂದಿ ಮುಂದ ಹೇಳ್ತೀನಿ."

ಹೇಳಿದಂತೆ ಆ ಭಾನುವಾರ ಬಂದಳು. ಅಷ್ಟರಲ್ಲಿ ಅಜ್ಜಿಯ ಮೊಮ್ಮಗಳ ಜ್ವರ ಇಳಿದಿತ್ತು, ಆದರೆ ಅಜ್ಜಿ ನಮ್ಮ ಕಟ್ಟೆ ಹತ್ತಿರಲಿಲ್ಲ. ಬಾಗಲವಾಡದವಳು ಹೋಗಿ ಏನು ಹೇಳಿದಳೋ, ಕರೆದುಕೊಂಡು ಬಂದಳು. ಹಿಂದೆ ಹತ್ತು ಹೆಂಗಸರು, ತಮಾಷೆ ನೋಡಲು. ಆ ದಿನ ಬೆಳಿಗ್ಗೆ ನಾನು ಅಟ್ಟದಿಂದ ಫ್ರಾಕ್ ಇಳಿಸಿದ್ದೆ. ಮಗಳಿಗೆ ತೊಡಿಸುವಾಗ ಗುಂಡಿ ಕೈಗೆ ಸಿಗುತ್ತಿರಲಿಲ್ಲ. ಯಜಮಾನರು ನೋಡಿ, "ಬ್ಯಾಡ ಬಿಡು," ಎಂದರು. ಆ ಶಾಂತ ಮನುಷ್ಯನೂ ಹೆದರಿದ್ದು ಕಂಡು ನನ್ನ ಅರ್ಧ ಜೀವ ಹೋಯಿತು. ಆದರೂ ತೊಡಿಸಿದೆ. ತೊಡಿಸದಿದ್ದರೆ ಅಂಗಡಿ ತೆರೆಯಲು ನನಗೆ ಮುಖವಿರಲಿಲ್ಲ.

ಅಜ್ಜಿ ಕಟ್ಟೆಯ ಕೆಳಗೇ ನಿಂತು ಕೇಳಿದರು, "ನೀನೇನ ಅಕಿ ತಾಯಿ?"

"ಹೌದವ್ವಾ."

"ಪದ್ಧತಿ ಬಿಟ್ಟೆಲ್ಲವಾ ನೀನು."

"ಬಿಟ್ಟೆ. ತಪ್ಪಾತು. ಅಂಗಡ್ಯಾಕಿಗೆ ಗೊತ್ತಿರಲಿಲ್ಲ, ಅಕಿಗೆ ಬೈಬ್ಯಾಡ್ರಿ. ಮಗಳು ನೀರಾಗ ಇದ್ದಾಳ, ಅಕಿ ಸೀರಿಯರ ಬಿಸಿಲಾಗ ಇರಲಿ ಅಂತ ಆಸಿ ಬಿತ್ತು. ಆ ಫ್ರಾಕ್ ಕೊಡ್ರಿ, ನಾನ ಒಯ್ತೀನಿ."

ಅಷ್ಟರಲ್ಲಿ ಒಳಗಿನಿಂದ ನನ್ನ ಮಗಳು, ಆ ಹಸಿರು ಫ್ರಾಕಿನಲ್ಲಿ, ಹೊರಗೆ ಬಂದಳು. ಆ ತಾಯಿ ಅವಳನ್ನು ನೋಡಿ ಕೈ ಚಾಚಿದಳು. ಮಗಳನ್ನು ಹಿಂದಕ್ಕೆ ಎಳೆದುಕೊಳ್ಳಬೇಕು ಎನ್ನಿಸಿತು, ಎಳೆದುಕೊಳ್ಳಲಿಲ್ಲ, ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದು ನಿಂತೆ. ಮಗಳು ಹೋದಳು. ಆ ತಾಯಿ ಅವಳ ಮುಖ ಮುಟ್ಟಲಿಲ್ಲ, ತಬ್ಬಿಕೊಳ್ಳಲಿಲ್ಲ. ಬಗ್ಗಿ ಫ್ರಾಕಿನ ಕೆಳಅಂಚು ಮಗುಚಿ, ಒಳಗಿನ ಮಡಿಕೆಯನ್ನು ಬೆರಳಿನಿಂದ ತಡಕಿದಳು.

"ಒಳಗ ಎಷ್ಟು ಬಿಟ್ಟೀರಿ?"

"ನಾಕು ಬಳ್ಳು ಬಿಟ್ಟೀನ್ರಿ," ಎಂದಳು ಬಾಗಲವಾಡದವಳು, ನಾಲ್ಕು ಬೆರಳು ಒತ್ತಾಗಿ ಹಿಡಿದು ತೋರಿಸುತ್ತ.

"ಹಂಗಾರ ಬಿಚ್ಚಿ ಬಿಚ್ಚಿ ಹೊಲದ್ರ ಇನ್ನ ಎರಡು ವರ್ಷ ಬರ್ತದ," ಎಂದು ಅಂಚನ್ನು ಮೊದಲಿನಂತೆ ಇಳಿಬಿಟ್ಟು ಸವರಿದಳು. "ಬೆಳೀಲಿ ತಾಯಿ. ಬೆಳೀಲಿ."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಕಟ್ಟೆ ಹತ್ತಿ, ಅಂಗಡಿಯೊಳಗೆ ಇಟ್ಟಿದ್ದ ತಮ್ಮ ಮೊಮ್ಮಗಳ ಫ್ರಾಕನ್ನು ತಾವೇ ಎತ್ತಿಕೊಂಡರು. "ನಮ್ಮದರಾಗೂ ಅಷ್ಟ ಬಿಟ್ಟೀಯೇನಬೇ, ಇಲ್ಲಾ ಕಡಿಮಿ ಬಿಟ್ಟು ಉಳಿಸಿಕೊಂಡೀಯೋ?" ಎಂದು ಬಾಗಲವಾಡದವಳಿಗೆ ಗದರಿದರು. ಹೊರಗೆ ನಿಂತವರಲ್ಲಿ ಇಬ್ಬರು ಮೂವರು ಒಳಗೆ ಬಂದು ಬಟ್ಟೆ ಮುಟ್ಟಿ ನೋಡತೊಡಗಿದರು. ಉಳಿದವರು ಹೋದರು. ಅವರಲ್ಲಿ ಕೆಲವರು ಇವತ್ತಿಗೂ ಬಂದಿಲ್ಲ.

ಸಂಜೆಯ ಬಸ್ಸಿಗೆ ಆ ತಾಯಿಯನ್ನು ಹತ್ತಿಸಿ ಬಂದೆ. ಮಗಳು ಕಟ್ಟೆಯ ಮೇಲೆ ಅದೇ ಫ್ರಾಕಿನಲ್ಲಿ ಕೂತು ಕಡಲೆ ತಿನ್ನುತ್ತಿದ್ದಳು. ಬಳಿ ಹೋಗಿ ಹಣೆಗೆ ಕೈಯಿಟ್ಟು ನೋಡಿದೆ. ತಣ್ಣಗಿತ್ತು. ಕತ್ತಿಗೆ ಇಟ್ಟು ನೋಡಿದೆ. ಅಲ್ಲೂ ತಣ್ಣಗಿತ್ತು. "ಬಿಚ್ಚಲೇನು ಯವ್ವಾ?" ಎಂದಳು, ಬೈಗುಳಕ್ಕೆ ಅಂಜಿ.

"ಬ್ಯಾಡ," ಎಂದೆ. "ಇರಲಿ." ಹೇಳುವಾಗಲೂ ನನಗೆ ಭಯವಾಗುತ್ತಿತ್ತು.